ಶಿರಾದಲ್ಲಿ ಕಂಡ ಅಂಗೈ

ಪಾವಗಡದ ಬಸ್ಸು ಇವತ್ತೂ ಹೊತ್ತಿಗೆ ಬರಲಿಲ್ಲ. ಕಾದು ಬೇಸತ್ತು, ಶಿರಾದ ಬಸ್ ನಿಲ್ದಾಣದೆದುರು ಗೌಸ್ ಸಾಬರ ಚಹಾ ಅಂಗಡಿಯಲ್ಲಿ ಕುಳಿತೆ. ಪಕ್ಕದ ಬಾವಿಯಿಂದ ಒಬ್ಬ ನೀರು ಸೇದಿ ಅಂಗಡಿಯ ತೊಟ್ಟಿ ತುಂಬಿಸುತ್ತಿದ್ದ.

"ನಿಮ್ಮ ಆಳು ಗಟ್ಟಿಗ," ಎಂದೆ.

"ಆಳಲ್ಲ ಸಾರ್, ನಮ್ಮೂರ ರಂಗಪ್ಪ. ಕೂಲಿ ಕೊಟ್ರೂ ಬ್ಯಾಡ ಅಂತಾನೆ," ಎಂದರು ಸಾಬರು. "ಬೊಂಬಾಯಿನಾಗೆ ಕಬ್ಬಿಣದ ಕಾರ್ಖಾನೇಲಿ ಸುತ್ತಿಗೆ ಹಿಡೀತಿದ್ದ. ಸಾಲ ಕೊಟ್ಟಿದ್ ಬ್ಯಾಂಕು ಮುಳುಗ್ತು, ಕಾರ್ಖಾನೆಗೆ ಬೀಗ ಬಿತ್ತು. ಆಮೇಲೆ ಬೀಗ ತೆಗುದ್ರು, ಹೊಸಬ್ರನ್ನ ತಗಂಡ್ರು. ಇವ್ನು ಹೋದ್ರೆ, ಸುಮ್ನೆ ಕೂತು ಕೈ ಮೆತ್ತಗಾಗೈತೆ ಅಂತ ವಾಪಸ್ ಕಳಿಸ್ಬುಟ್ರು. ಅದ್ಕೇ ದಿನಾ ಹಗ್ಗ ಎಳ್ದು ಅಂಗೈ ಜಡ್ಡುಗಟ್ಟಿಸ್ಕಂಡವ್ನೆ."

ಅಷ್ಟರಲ್ಲಿ ಯಾವುದೋ ಕಾರ್ಖಾನೆಗೆ ಆಳು ಹುಡುಕುವ ಮೇಸ್ತ್ರಿ ಬಂದ. ನಿಲ್ದಾಣದಲ್ಲಿ ಕೆಲಸ ಹುಡುಕಿ ಸಾಲಾಗಿ ನಿಂತವರ ಅಂಗೈಗಳನ್ನು, ಸಂತೆಯಲ್ಲಿ ಬದನೆಕಾಯಿ ನೋಡುವ ಹಾಗೆ, ಹೆಬ್ಬೆರಳಿನಿಂದ ಒತ್ತುತ್ತ ಬಂದ. ನನಗೆ ಮೈ ಉರಿಯಿತು. ನಿಂತವರಿಗೆ ಅದು ಮಾಮೂಲು. ರಂಗಪ್ಪನೂ ಓಡಿಹೋಗಿ ಕೈ ಚಾಚಿದ. ಮೇಸ್ತ್ರಿ ಒತ್ತಿ ನೋಡಿ ತಲೆದೂಗಿದ.

"ಭೇಷ್. ಈಗೆಲ್ಲಿ ಕೆಲ್ಸ?"

ರಂಗಪ್ಪನಿಗೆ ಸುಳ್ಳು ಹೊಳೆಯಲಿಲ್ಲ. ಬಾವಿಯ ಕಡೆ ತೋರಿಸಿದ.

"ಓ, ನೀರು ಸೇದೋನಾ? ನಂಗೆ ಸುತ್ತಿಗೆ ಹಿಡ್ಯೋರು ಬೇಕು ಕಣಪ್ಪ," ಎಂದು ಮೇಸ್ತ್ರಿ ಮುಂದಿನವನ ಅಂಗೈ ಹಿಡಿದ.

ಕೊನೆಗೂ ಬಸ್ಸು ಬಂತು. ಹತ್ತಿ ಕುಳಿತು ಕಿಟಕಿಯಿಂದ ನೋಡಿದೆ. ತೊಟ್ಟಿ ತುಂಬಿ ಹರಿಯುತ್ತಿತ್ತು. ರಂಗಪ್ಪ ಆಗತಾನೆ ಸೇದಿದ ಕೊಡವನ್ನು ಬಾವಿಗೇ ಸುರಿದು, ಮತ್ತೆ ಹಗ್ಗ ಹಿಡಿದ.