ಬಯ್ಯಪ್ಪನ ನಾಲ್ಕನೇ ನಿಮಿಷ

ಚಿಂತಾಮಣಿ ಸೀಮೆಯ ಒಂದು ವಿದ್ಯುತ್ ಕೇಂದ್ರದಲ್ಲಿ ನಲ್ಲಪ್ಪ ಹತ್ತೊಂಬತ್ತು ವರ್ಷ ವೈರ್‌ಲೆಸ್ ಮುಂದೆ ಕೂತವನು. ಸುತ್ತಲಿನ ಎಂಟು ಸಣ್ಣ ಸ್ಟೇಷನ್‌ಗಳು ಗಂಟೆಗೊಮ್ಮೆ ತಮ್ಮ ಲೈನಿನ ಲೋಡ್ ಎಷ್ಟೆಂದು ಅವನಿಗೆ ಹೇಳಬೇಕು, ಅವನು ಬರೆದುಕೊಳ್ಳಬೇಕು. ಕೆಲಸ ಇಷ್ಟೇ. ಆದರೆ ಎಂಟು ಜನಕ್ಕೂ ಸೇರಿ ಇದ್ದದ್ದು ಒಂದೇ ಚಾನೆಲ್. ಇಬ್ಬರು ಒಟ್ಟಿಗೆ ಬಾಯಿಬಿಟ್ಟರೆ ಕೀರಲು ಸದ್ದು ಬಿಟ್ಟು ಏನೂ ಕೇಳಿಸುತ್ತಿರಲಿಲ್ಲ.

"ಹಲೋ ಚಿಂತಾಮಣಿ, ರೀಡಿಂಗ್ ಕೊಡ್ಲಾ ಅಣ್ಣಾ, ಓವರ್."

"ಸ್ವಲ್ಪ ತಡಿಯಪ್ಪ, ಓವರ್."

"ಈಗ ಕೊಡ್ಲಾ, ಓವರ್."

"ಕೊಡು, ಓವರ್."

"ನಲವತ್ತೆರಡು, ಓವರ್."

ಹೇಳಬೇಕಾದ್ದು ಒಂದು ಸಂಖ್ಯೆ, ಅದಕ್ಕೆ ಇಷ್ಟು ಮೆರವಣಿಗೆ! ಗಂಟೆಯಲ್ಲಿ ಅರ್ಧ ಗಂಟೆ ಅಪ್ಪಣೆ ಕೇಳುವುದರಲ್ಲೇ ಹೋಗುತ್ತಿತ್ತು. ಎಂಬತ್ತೇಳರ ಮಳೆಗಾಲದಲ್ಲಿ ಹಿಪ್ಪುನೇರಳೆ ತೋಟವೊಂದರಲ್ಲಿ ತಂತಿ ಹರಿದು ಬಿತ್ತು. ಕರೆಂಟ್ ತೆಗೆಸಿ ಎಂದು ಹೇಳಲು ಪಕ್ಕದ ಸ್ಟೇಷನ್ನಿನ ರಾಮಾಂಜಿನಪ್ಪ ಹದಿನೇಳು ನಿಮಿಷ ಕೂಗಿದ. ಈ ಗಲಾಟೆಯಲ್ಲಿ ಯಾರಿಗೂ ಕೇಳಿಸಲಿಲ್ಲ. ಎರಡು ಮೇಕೆ ಸತ್ತವು. ಅವನ್ನು ಮೇಯಿಸುತ್ತಿದ್ದ ಮುದುಕಿ ಹತ್ತು ಹೆಜ್ಜೆ ಹಿಂದಿದ್ದಳು. ಆವತ್ತು ನಲ್ಲಪ್ಪ ಊಟದ ಡಬ್ಬಿ ಬಿಚ್ಚಲೇ ಇಲ್ಲ.

ಮಾರನೆಯ ವಾರ ಅವನು ಹೊಸ ಕಟ್ಟಳೆ ಮಾಡಿದ. ಇನ್ನು ಯಾರೂ ಏನೂ ಕೇಳುವ ಹಾಗಿಲ್ಲ. ಗಂಟೆ ಹೊಡೆದ ಮೇಲೆ ಮೊದಲ ನಿಮಿಷ ರಾಮಾಂಜಿನಪ್ಪನದು, ನಾಲ್ಕನೆಯದು ಕೆಂಚಾರ್ಲಹಳ್ಳಿಯ ಬಯ್ಯಪ್ಪನದು, ಹೀಗೆ ಎಂಟು ಜನಕ್ಕೆ ಎಂಟು ನಿಮಿಷ. ತಮ್ಮ ನಿಮಿಷ ಬಂದಾಗ ಸಂಖ್ಯೆ ಹೇಳಿ ಸುಮ್ಮನಾಗಬೇಕು. ಲೋಡ್ ಬದಲಾಗದಿದ್ದರೆ ಅದೂ ಬೇಡ, ಮೈಕಿನ ಸ್ವಿಚ್ಚನ್ನು ಎರಡು ಸಲ ಒತ್ತಿದರೆ ಸಾಕು. ಟಕ್, ಟಕ್. ಮಿಕ್ಕ ಐವತ್ತೆರಡು ನಿಮಿಷ ಆಪತ್ತಿಗೆ ಮೀಸಲು.

ಇಂಜಿನಿಯರ್ ಸಾಹೇಬರು ಹುಬ್ಬು ಗಂಟಿಕ್ಕಿದರು. "ಪರ್ಮಿಷನ್ ಇಲ್ದೆ ಮಾತಾಡೋದು ಅಂದ್ರೇನ್ರಿ? ಏನಾದ್ರೂ ಎಡವಟ್ಟಾದ್ರೆ ನಿಮ್ಮ ತಲೆಗೇ ಬರುತ್ತೆ."

ಎಡವಟ್ಟು ಮೊದಲ ದಿನವೇ ಆಯಿತು. ಬಯ್ಯಪ್ಪ ತನ್ನ ನಿಮಿಷ ಬರುವ ಮೊದಲೇ ಕಂಡವರ ನಿಮಿಷಕ್ಕೆ ನುಗ್ಗುತ್ತಿದ್ದ. ಭಾನುವಾರ ನಲ್ಲಪ್ಪ ಬಸ್ಸು ಹತ್ತಿ ಹೋಗಿ ನೋಡಿದರೆ ಅಲ್ಲಿನ ಗೋಡೆ ಗಡಿಯಾರ ಎರಡು ನಿಮಿಷ ಮುಂದಿತ್ತು.

"ಬಸ್ ತಪ್ಪಬಾರ್ದು ಅಂತ ನಾವೇ ಮುಂದಿಟ್ಟಿದ್ದೀವಣ್ಣ" ಎಂದ ಬಯ್ಯಪ್ಪ, ದೊಡ್ಡ ಉಪಾಯ ಮಾಡಿದವನಂತೆ. "ಹಿಂದಕ್ಕಿಟ್ರೆ ಸ್ಟೇಷನ್ನೋರೆಲ್ಲ ನನ್ನ ಮೇಲೆ ಬೀಳ್ತಾರೆ."

ಅವನೊಡನೆ ವಾದಿಸಿ ಗೆದ್ದವರಿಲ್ಲ. ನಲ್ಲಪ್ಪ ತನ್ನ ಮದುವೆಯ ವಾಚು ಬಿಚ್ಚಿ ಅವನ ಕೈಗೆ ಕಟ್ಟಿದ. "ಬಸ್ಸಿಗೆ ಗೋಡೆ ನೋಡು. ನನಗೆ ಇದನ್ನ ನೋಡು. ದಿನಾ ಬೆಳಿಗ್ಗೆ ರೇಡಿಯೋ ವಾರ್ತೆಗೆ ಮುಂಚೆ ಪೀಂ ಪೀಂ ಅನ್ನುತ್ತಲ್ಲ, ಆಗ ಸರಿ ಮಾಡ್ಕೋ."

ಅಲ್ಲಿಂದ ಬಯ್ಯಪ್ಪ ಒಂದು ಸಲವೂ ನಿಮಿಷ ತಪ್ಪಿಸಲಿಲ್ಲ. ಎಂಟೂ ರೀಡಿಂಗ್ ಎಂಟು ನಿಮಿಷದಲ್ಲಿ ಮುಗಿದು, ನಲ್ಲಪ್ಪ ಬಿಸಿ ಕಾಫಿಯನ್ನು ಬಿಸಿಯಾಗಿಯೇ ಕುಡಿಯುವಂತಾಯಿತು. ವೈರ್‌ಲೆಸ್ ಕೆಲಸದವನಿಗೆ ಇದಕ್ಕಿಂತ ಭಾಗ್ಯ ಬೇಕೆ?

ಎರಡು ವರ್ಷ ಕಳೆಯಿತು. ಏಪ್ರಿಲ್ ತಿಂಗಳ ಒಂದು ಮಧ್ಯಾಹ್ನ, ಗಂಟೆ ಮೂರು ಹೊಡೆದು ಮೂರು ನಿಮಿಷ ಮುಗಿಯಿತು. ನಾಲ್ಕನೆಯದರಲ್ಲಿ ಮಾತಿಲ್ಲ, ಟಕ್ ಎನ್ನುವ ಸದ್ದೂ ಇಲ್ಲ. ಐದನೆಯವನು ತನ್ನ ಸಂಖ್ಯೆ ಹೇಳಿದ. ನಲ್ಲಪ್ಪನ ಪೆನ್ನು ಪುಸ್ತಕದಲ್ಲಿ ಬಯ್ಯಪ್ಪನ ಖಾಲಿ ಚೌಕದ ಮೇಲೇ ನಿಂತಿತ್ತು. ಎಂಟನೆಯ ನಿಮಿಷ ಮುಗಿದೊಡನೆ ಕರೆದು ನೋಡಿದ, ಉತ್ತರವಿಲ್ಲ.

"ಊಟಕ್ಕೆ ಹೋಗಿರ್ತಾನೆ ಬಿಡ್ರಿ" ಎಂದರು ಅಲ್ಲೇ ಇದ್ದ ಸಾಹೇಬರು.

"ಇಲ್ಲ ಸಾರ್. ಊಟ ಬಿಟ್ಟಾನು, ನಿಮಿಷ ಬಿಡೋನಲ್ಲ."

ನಲ್ಲಪ್ಪ ಕೆಂಚಾರ್ಲಹಳ್ಳಿಗೆ ಹತ್ತಿರವಿದ್ದ ರಾಮಾಂಜಿನಪ್ಪನನ್ನು ಕರೆದ. ಚಾನೆಲ್ ಖಾಲಿಯಿತ್ತು, ಒಂದೇ ಕೂಗಿಗೆ ಸಿಕ್ಕ. ಲೈನ್‌ಮನ್ ಗಂಗುಲಪ್ಪ ಅಲ್ಲಿಂದ ಮೋಟಾರ್ ಸೈಕಲ್ಲಿನಲ್ಲಿ ಓಡಿದ. ಆ ಪಾಳಿಯಲ್ಲಿ ಒಬ್ಬನೇ ಇದ್ದ ಬಯ್ಯಪ್ಪ ನೆಲದ ಮೇಲೆ ಬಿದ್ದಿದ್ದ. ಒಂದು ಕೈ ಎದೆಯ ಮೇಲೆ, ವಾಚು ಕಟ್ಟಿದ ಕೈ ವೈರ್‌ಲೆಸ್ ಕಡೆಗೆ. ಗಂಟೆ ನಾಲ್ಕಾಗುವುದರೊಳಗೆ ಅವನನ್ನು ಚಿಂತಾಮಣಿಯ ಆಸ್ಪತ್ರೆಗೆ ತಂದರು. ಇನ್ನರ್ಧ ಗಂಟೆ ತಡವಾಗಿದ್ದರೆ ತಾವೇನೂ ಮಾಡುವಂತಿರಲಿಲ್ಲ ಎಂದರು ಡಾಕ್ಟರು.

ಮೂರನೆಯ ದಿನ ನಲ್ಲಪ್ಪ ಎಳನೀರು ಹಿಡಿದು ನೋಡಲು ಹೋದ. ಬಯ್ಯಪ್ಪ ಅವನ ಮುಖ ನೋಡಲಾರದೆ ವಾಚು ಬಿಚ್ಚಲು ತಡಕಾಡಿದ.

"ತಪ್ಪಾಯ್ತಣ್ಣ. ನನ್ನ ನಿಮಿಷ ತಪ್ಪೋಯ್ತು. ಕೈ ಎಟುಕಲಿಲ್ಲ."

ನಲ್ಲಪ್ಪನಿಗೆ ಅಳು ತಡೆಯಲಾಗಲಿಲ್ಲ. ವಾಚಿನ ಕೊಂಡಿಯನ್ನು ಮತ್ತೆ ಬಿಗಿಮಾಡುತ್ತ ಗದರಿದ.

"ಸುಮ್ನೆ ಮಲಗೋ. ಮುಂಚಿನ ಥರ ಎಲ್ರೂ ಕೂಗಾಡ್ತಾ ಇದ್ದಿದ್ರೆ, ನೀನು ಸುಮ್ಮನಾಗಿದ್ದು ಯಾರಿಗೆ ಕೇಳಿಸ್ತಿತ್ತು?"