ಅವ್ವೆಯ ಎಡಗಾಲು

ತೊಂಬತ್ತರ ದಶಕದ ಕೊನೆಯಲ್ಲಿ ಅವ್ವೆಯ ಕೆಳಹೊಟ್ಟೆ ಊದತೊಡಗಿತು. ಕಟ್ಟಬೆಟ್ಟಿನ ತೋಟದಲ್ಲಿ ಜೊತೆಗೆ ಚಹಾ ಎಲೆ ಕೀಳುತ್ತಿದ್ದ ಹೆಂಗಸರು, "ಈ ವಯಸ್ಸಿಗೆ ಇನ್ನೊಂದಾ ಅಕ್ಕ?" ಎಂದು ತಮಾಷೆ ಮಾಡುತ್ತಿದ್ದರು. ಅವಳೂ ನಗುತ್ತಿದ್ದಳು. ಎಡಗಾಲು ಜೋಮು ಹಿಡಿದು, ಮೂತ್ರಕ್ಕೆ ಹೋಗುವುದೂ ಕಷ್ಟವಾದಾಗ ನನಗೆ ಹೇಳಿದಳು. ಅಪ್ಪ ತೀರಿಕೊಂಡಿದ್ದರು. ನಾನು ಕೋತಗಿರಿಯಲ್ಲಿ ಟೀಚರಾಗಿದ್ದೆ, ಮನೆಯಲ್ಲಿ ನಾವಿಬ್ಬರೇ.

ಊಟಿಯಲ್ಲಿ ಸ್ಕ್ಯಾನ್ ಮಾಡಿದವರು ಕೊಯಮತ್ತೂರಿಗೆ ಕಳಿಸಿದರು. ಅಲ್ಲಿನ ಸರ್ಜನ್ ಎದುರಿಗೆ ಕೂರಿಸಿಕೊಂಡು ತಮಿಳಿನಲ್ಲಿ ನಿಧಾನವಾಗಿ ವಿವರಿಸಿದರು. ಗಡ್ಡೆ ಗರ್ಭಕೋಶದ್ದಲ್ಲ, ಅದರ ಹಿಂದೆ, ಸೊಂಟದ ಎಲುಬುಗಳ ನಡುವಿನ ಮೆತ್ತನೆಯ ಮಾಂಸದಲ್ಲಿ ಬೆಳೆದದ್ದು. ಒಡೆಯದಂತೆ ಇಡಿಯಾಗಿ ತೆಗೆಯಬೇಕು. ಕಾಲಿಗೆ ಹೋಗುವ ನರವೊಂದು ಅದಕ್ಕೆ ಅಂಟಿಕೊಂಡಿತ್ತು.

"ನರ ಕತ್ತರಿಸಿದರೆ ಪಾದ ಎತ್ತಲು ಆಗುವುದಿಲ್ಲಮ್ಮ. ನರ ಉಳಿಸಲು ಹೋದರೆ ಗಡ್ಡೆಯ ಚೂರು ಉಳಿದು ಮತ್ತೆ ಬೆಳೆಯಬಹುದು."

ನನಗೆ ಅಳು ಬಂತು. ಅವ್ವೆ ನನ್ನ ಕೈ ಅದುಮಿ, "ಸುಮ್ಮನಿರು ಕೂಸೆ," ಎಂದಳು. ಆಮೇಲೆ ಸರ್ಜನ್ ಕಡೆ ತಿರುಗಿ, "ಪೂರಾ ತೆಗೆದುಬಿಡಿ. ಕಾಲನ್ನು ನಾ ನೋಡಿಕೊಳ್ಳುವೆ," ಎಂದಳು.

ನಮ್ಮೂರಿನ ಹಟ್ಟಿಯ ಗಂಡಸರು ಮೊದಲ ಬಸ್ಸಿಗೆ ಬೆಟ್ಟ ಇಳಿದು ಬಂದು ರಕ್ತ ಕೊಟ್ಟರು. ಬೆಳಿಗ್ಗೆ ಆಪರೇಷನ್ ಥಿಯೇಟರಿಗೆ ಹೋದ ಅವ್ವೆ ಸಂಜೆಯಾದರೂ ಹೊರಗೆ ಬರಲಿಲ್ಲ. ಕೊನೆಗೆ ಸರ್ಜನ್ ಬಂದರು, ಮುಖ ಬಾಡಿತ್ತು. "ಇಡಿಯಾಗಿ ಬಂತು. ಸಣ್ಣ ಕುಂಬಳಕಾಯಿಯಷ್ಟಿತ್ತು. ಕರುಳು, ಮೂತ್ರಕೋಶಕ್ಕೆ ಏನೂ ಆಗಿಲ್ಲ. ನರ ಮಾತ್ರ ಉಳಿಯಲಿಲ್ಲ," ಎಂದರು.

ಪಾದ ಜೋತುಬೀಳದಂತೆ ಕಟ್ಟಿಕೊಳ್ಳಲು ಪ್ಲಾಸ್ಟಿಕ್ಕಿನ ಆಸರೆಪಟ್ಟಿಯೊಂದನ್ನು ಮಾಡಿಸಿಕೊಟ್ಟರು. ಊರಿಗೆ ಬಂದ ಮೇಲೆ ಅವ್ವೆ ಅದನ್ನು ಕಟ್ಟಿಕೊಂಡು ಮೊದಲು ಅಂಗಳದಲ್ಲಿ, ಆಮೇಲೆ ಬಸ್ಸಿನ ರಸ್ತೆಯಲ್ಲಿ ನಡೆದಳು. ನಾನು ಕೈ ಹಿಡಿಯಲು ಹೋದರೆ, "ಬಿಡು, ನೀ ಹಿಡಿದರೆ ಕಾಲು ಕಲಿಯದು," ಎನ್ನುತ್ತಿದ್ದಳು. ಒಂದು ದಿನ ಮೊಣಕೈ ತರಚಿಕೊಂಡು ಬಂದಳು. ಒಬ್ಬಳೇ ತೋಟದ ಏರು ಹತ್ತಲು ಹೋಗಿದ್ದಳಂತೆ. ಬೈದೆ. ಮರುದಿನ ಮತ್ತೆ ಹೋದಳು. ಮುಂದಿನ ಚಿಗುರಿನ ಹೊತ್ತಿಗೆ ತಾನು ಕಿತ್ತ ಎಲೆಯ ಮೂಟೆಯನ್ನು ತಾನೇ ಹೊತ್ತು ರಸ್ತೆಗೆ ಇಳಿಸುತ್ತಿದ್ದಳು.

ತಪಾಸಣೆಗೆ ಹೋದಾಗ ಸರ್ಜನ್ ಕಿರಿಯ ಡಾಕ್ಟರುಗಳನ್ನೆಲ್ಲ ಕರೆದು, "ಅಮ್ಮ, ಇವರಿಗೆ ಸ್ವಲ್ಪ ನಡೆದು ತೋರಿಸಿ," ಎಂದರು. ಅವ್ವೆ ಸೆರಗು ಸಿಕ್ಕಿಸಿಕೊಂಡು ವರಾಂಡದ ಆ ತುದಿಗೆ ಹೋಗಿ ಬಂದಳು.

"ಕಷ್ಟ ಆಗಲ್ವಾ ಅಮ್ಮ?" ಅವರಲ್ಲೊಬ್ಬಳು ಕೇಳಿದಳು.

"ಇದು ಸಮನೆಲ ಅಲ್ಲವಾ. ನಮ್ಮ ತೋಟಕ್ಕೆ ಬನ್ನಿ, ಅಲ್ಲಿ ತೋರಿಸುವೆ."

ಸರ್ಜನ್ ಜೋರಾಗಿ ನಕ್ಕರು. ಪಕ್ಕದ ಬೆಂಚಿನಲ್ಲಿದ್ದವರು ಯಾರೂ ಕೇಳದಿದ್ದರೂ ನಾನೇ ಅವರ ಕಡೆ ತಿರುಗಿ, "ನಮ್ಮ ಅವ್ವೆ," ಎಂದೆ.