ಗೇರು ಬಿಡದ ಪಂಚಾಕ್ಷರಪ್ಪ

ಚನ್ನಗಿರಿಯಲ್ಲಿ ಸಣ್ಣ ಡೀಸೆಲ್ ಕಾರು ಕೊಳ್ಳುವವರು ಮೊದಲು ನನ್ನ ಗೆಳೆಯ, ಅಡಿಕೆ ವ್ಯಾಪಾರಿ ಪಂಚಾಕ್ಷರಪ್ಪನ ಉಪದೇಶ ಕೇಳಲೇಬೇಕು. "ಆಟೋಮ್ಯಾಟಿಕ್ಕಾ? ಅದು ಮೂಗುದಾರ ಇಲ್ಲದ ಎತ್ತು ಕಣ್ರೀ, ಹೋಗಿದ್ದೇ ದಾರಿ!" ಎನ್ನುತ್ತಾನೆ. ಮದುವೆ ಊಟಕ್ಕೆ ಕೂತರೂ ನೀರಿನ ಲೋಟವನ್ನೇ ಗೇರು ಮಾಡಿಕೊಂಡು ಪಾಠ ಹೇಳುತ್ತಾನೆ. ಹೋದ ವರ್ಷ ಅವನ ಎಡಗೈ ಸೋತಿತು, ಹಟ ಸೋಲಲಿಲ್ಲ. ಈಗ ಕ್ಲಚ್ ತುಳಿದು "ಎರಡು!" ಎಂದು ಕೂಗುತ್ತಾನೆ, ಪಕ್ಕದಲ್ಲಿ ಕೂತ ಹೆಂಡತಿ ನಿರ್ಮಲಮ್ಮ ಗೇರು ಹಾಕುತ್ತಾರೆ. "ಮುಂದೆ ಗುಂಡಿ ಐತೆ, ಒಂದಕ್ಕೆ ತರ್ಲೇನ್ರೀ?" ಎಂದು ಈಗೀಗ ಅವರೇ ಮೊದಲು ಕೇಳುತ್ತಾರೆ. ಹೊಸ ಕಾರೂ ಗೇರಿನದೇ ಬೇಕೆಂದು ಕೂತವನನ್ನು ನಾನು ಬೈದೆ. ನಿರ್ಮಲಮ್ಮ ಒಳಗೆ ಹೋದದ್ದು ನೋಡಿ ಪಿಸುಗುಟ್ಟಿದ: "ಗೇರ್ ಹಾಕೋ ಕೆಲ್ಸ ಇಲ್ಲ ಅಂದ್ರೆ ಅವಳು ಮನೇಲೇ ಕೂರ್ತಾಳೆ ಕಣಯ್ಯ. ನಾನೊಬ್ನೇ ಎಲ್ಲಿಗೆ ಅಂತ ಹೋಗ್ಲಿ?"